ಒಂದೂವರೆ ತೊಲಕ್ಕೆ ಕಾಲು ಗ್ರಾಂ ಕಡಿಮೆ

ಅವರ ಕೈಗೆ ಏನೇ ಕೊಟ್ಟರೂ ಮೊದಲು ತೂಗಿ ನೋಡುತ್ತಿದ್ದರು. ತಕ್ಕಡಿಯಲ್ಲಲ್ಲ, ಎಡಗೈಯಲ್ಲಿ. ಚಹಾದ ಕಪ್ಪು, ಸೀಮೆಸುಣ್ಣ, ಲಗ್ನಪತ್ರಿಕೆ, ಬಸ್ಸಿನಲ್ಲಿ ಪಕ್ಕದವರು ಕೊಟ್ಟ ಪೇರಲ ಹಣ್ಣು, ಯಾವುದಾದರೂ ಸರಿ, ಅದು ಅಂಗೈ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಕೈ ತುಸು ಮೇಲೆ ಕೆಳಗೆ ಆಡುತ್ತಿತ್ತು. ಆಮೇಲೆ ಆ ವಸ್ತು ತನ್ನ ಕೆಲಸಕ್ಕೆ ಹೋಗುತ್ತಿತ್ತು. ತಾವು ಹಾಗೆ ಮಾಡುವುದು ಅವರಿಗೇ ಗೊತ್ತಿರಲಿಲ್ಲ. ಒಮ್ಮೆ ನಾನು ಹೇಳಿದಾಗ ನಂಬಲಿಲ್ಲ.

"ನಾ ಏನ್ ಬದನಿಕಾಯಿ ಮಾರಾಕಿ ಏನ್ರಿ?" ಎಂದರು. ಹಾಗೆ ಹೇಳುವಾಗ ನನ್ನ ಪೆನ್ನು ಅವರ ಅಂಗೈಯಲ್ಲಿತ್ತು.

ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ವಿದ್ಯಾರ್ಥಿಗಳು, ಕಾಲೇಜಿನ ಜವಾನ, ಬಸ್ಸಿನ ಕಂಡಕ್ಟರು, ಎಲ್ಲರಿಗೂ ಅವರು ಅಕ್ಕೋರು. ಈ ಬೇಸಿಗೆಯಲ್ಲಿ ನಿವೃತ್ತರಾದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳ ಸುದ್ದಿ ಕಳಿಸುವುದು ನನ್ನ ಉದ್ಯೋಗ. ಬೀಳ್ಕೊಡುಗೆಯ ಸುದ್ದಿಯನ್ನೂ ನಾನೇ ಕಳಿಸಿದೆ. ಶಾಲು, ಹಾರ, ಗಣ್ಯರ ಸಾಲು. ಆ ಸುದ್ದಿಯಲ್ಲಿ ತಪ್ಪಿರಲಿಲ್ಲ, ಅಕ್ಕೋರೂ ಇರಲಿಲ್ಲ. ಹೀಗಾಗಿ ಇದನ್ನು ಬರೆಯಲು ಅನುಮತಿ ಕೇಳಿದೆ. ಒಂದು ಕರಾರು ಹಾಕಿದರು.

"ಹೆಸರ ಹಾಕಬ್ಯಾಡ್ರಿ. ಹೆಸರ ಹಾಕಿದ್ರ ಮಂದಿ ನನ್ನ ಮಾರಿ ನೋಡ್ತಾರ, ಲೆಕ್ಕ ನೋಡೂದಿಲ್ಲ."

ಲೆಕ್ಕ ಎಂದರೆ ಅವರಿಗೆ ಒಂದೇ ಲೆಕ್ಕ. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕರ ಬೆಳ್ಳಿ ನಾಣ್ಯಗಳು ಈಗಿನ ಗ್ರಾಮಿನಲ್ಲಿ ಎಷ್ಟು ತೂಗುತ್ತವೆ ಎಂಬುದು. ಅವರ ಹುಟ್ಟೂರು ನಿಪ್ಪಾಣಿ ಬಳಿಯ ಅಕ್ಕೋಳ. ಅಪ್ಪನ ಮನೆಯಲ್ಲಿ ಕಬ್ಬು, ಹೊಗೆಸೊಪ್ಪು. ಆದರೆ ತಾಯಿಯ ತವರು ಗಡಿಯಾಚೆಯ ಬೆಳ್ಳಿ ಕೆಲಸದ ಊರು. ಅಲ್ಲಿ ಮನೆಮನೆಯಲ್ಲಿ ಕುಲುಮೆ, ಮನೆಮನೆಯಲ್ಲಿ ಸಣ್ಣ ತಕ್ಕಡಿ. ಬೇರೆ ಮಕ್ಕಳು ರಜೆಯಲ್ಲಿ ಗೋಲಿ ಆಡಿದರೆ ಇವರು ಅಜ್ಜನ ತೂಕದ ಬಟ್ಟುಗಳನ್ನು ಸಾಲಾಗಿ ಜೋಡಿಸಿ ಆಡಿದವರು. ಅಜ್ಜನಿಗೆ ಗ್ರಾಂ ಎಂದರೆ ಆಗುತ್ತಿರಲಿಲ್ಲವಂತೆ. ಎಂಟು ಗುಲಗಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲ. ಹಳೆಯ ಬೆಳ್ಳಿ ರೂಪಾಯಿಯೊಂದರ ತೂಕ ಬರೋಬ್ಬರಿ ಒಂದು ತೊಲ. ಅಕ್ಕೋರಿಗೆ ಅಕ್ಷರಕ್ಕಿಂತ ಮೊದಲು ಬಂದದ್ದು ಈ ಕೋಷ್ಟಕ.

ಒಂದು ಸಲ ಅವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ಶುರುವಾಗುವ ಮೊದಲೇ ಎಲ್ಲರ ಅಂಗೈಗೆ ಆರಾರು ಗುಲಗಂಜಿ ಹಾಕಿದರು. ಕೆಂಪು ಮೈ, ಕಪ್ಪು ಮೂಗಿನ ಕಾಳು.

"ಮುಚ್ಚಿ ಹಿಡೀರಿ. ಎಷ್ಟ ವಜ್ಜಿ ಐತಿ?"

"ಏನೂ ಇಲ್ರಿ ಅಕ್ಕೋರ," ಎಂದಳು ಕರೋಶಿಯಿಂದ ಬರುವ ಹುಡುಗಿ.

"ಅದs ಒಂದು ಓಬೋಲ್, ಗ್ರೀಕರ ಸಣ್ಣ ಬೆಳ್ಳಿ ನಾಣ್ಯ. ಮುಕ್ಕಾಲು ಗ್ರಾಂನೂ ಇಲ್ಲ. ಅಷ್ಟ ಬೆಳ್ಳಿ ಕೊಟ್ಟಿ ಅಂದ್ರ ಅಥೆನ್ಸಿನ ಪ್ಯಾಟ್ಯಾಗ ನೀ ಹಸ್ತ್ ಕುಂಡ್ರೂದಿಲ್ಲ. ಅಂಥಾವು ಆರು ಕೂಡಿದ್ರ ಒಂದು ದ್ರಾಕ್ಮಾ, ನಾಕು ಗ್ರಾಂ ಮತ್ತ ಚೂರು. ಅಂಥಾವು ನಾಕು ಕೂಡಿದ್ರ ದೊಡ್ಡ ನಾಣ್ಯ, ಹದಿನೇಳು ಗ್ರಾಂ ಮತ್ತ ಚೂರು. ತಿಳೀತೇನ?"

ಹಿಂದಿನಿಂದ ಒಬ್ಬ ಹುಡುಗ, "ಚೂರು ಅಂದ್ರ ಎಷ್ಟರಿ?" ಎಂದ.

ಅಕ್ಕೋರ ಮುಖ ಅರಳಿತು. ಗುಲಗಂಜಿ ಹಂಚಿದಾಗಿನಿಂದ ಅವರು ಕಾಯುತ್ತಿದ್ದದ್ದು ಈ ಪ್ರಶ್ನೆಗೇ. "ಭೇಷ್! ಇತಿಹಾಸ ಇರೂದs ಆ ಚೂರಿನಾಗ," ಎಂದು ಬೋರ್ಡಿನತ್ತ ತಿರುಗಿದರು.

ಆ ಚೂರಿನ ಕಥೆ ಹೀಗೆ. ಹಳೆಯ ಪುಸ್ತಕಗಳಲ್ಲಿ ಈ ನಾಣ್ಯಗಳ ತೂಕ ಗ್ರೇನ್ ಎಂಬ ಇಂಗ್ಲಿಷರ ಅಳತೆಯಲ್ಲಿದೆ. ಹದಿನೈದೂವರೆ ಗ್ರೇನಿಗೆ ಸುಮಾರು ಒಂದು ಗ್ರಾಂ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಗ್ರೀಕರಲ್ಲಿ ಊರೂರಿಗೆ ಒಂದೊಂದು ದ್ರಾಕ್ಮಾ. ಅಥೆನ್ಸಿನದು ನಾಲ್ಕು ಗ್ರಾಮಿನ ಮೇಲೆ ಚೂರು, ಸಮುದ್ರದ ಆಚೆ ಕಣ್ಣಿಗೆ ಕಾಣುವ ದ್ವೀಪದ್ದು ಆರು ಗ್ರಾಮಿನ ಮೇಲೆ. ಹೆಸರು ಒಂದೇ, ತೂಕ ಬೇರೆ. ಅದಕ್ಕೇ ಅವರು ಮಕ್ಕಳಿಗೆ ಮೇಲಿಂದ ಮೇಲೆ ಹೇಳುತ್ತಿದ್ದ ಮಾತು, "ಯಾರರ ಅಳತಿ ಹೇಳಿದ್ರ ಮೊದಲ ಅವರ ಊರು ಕೇಳ್ರಿ." ಇತಿಹಾಸ ಮರೆತವರಿಗೂ ಈ ಮಾತು ನೆನಪಿದೆ. ಇವರ ಹಳೆಯ ವಿದ್ಯಾರ್ಥಿಯೊಬ್ಬ ಹಾರೂಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಯಾರಾದರೂ ಒಂದು ಹಿಡಿ ಕೊತ್ತಂಬರಿ ಕೇಳಿದರೆ, "ಯಾರ ಕೈಯಿನ ಹಿಡೀರಿ?" ಎನ್ನುತ್ತಾನೆ.

ಅಕ್ಕೋರ ಚೀಲದಲ್ಲಿ ಸ್ಟೀಲಿನ ಊಟದ ಡಬ್ಬಿ ಯಾವಾಗಲೂ ಇರುತ್ತಿತ್ತು. ಅದರೊಳಗೆ ಊಟ ಇರುತ್ತಿರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಟ್ಟ ವಿದ್ಯುತ್ ತಕ್ಕಡಿ, ಜೊತೆಗೆ ಅದನ್ನು ಪರೀಕ್ಷಿಸಲು ಹತ್ತು ಗ್ರಾಮಿನ ಹಿತ್ತಾಳೆ ಬಟ್ಟು. ರಾಯಬಾಗದ ಬಸ್ಸಿನ ಕಂಡಕ್ಟರಿಗೆ ಇದು ಗೊತ್ತಿತ್ತು.

"ಅಕ್ಕೋರ, ಇವತ್ತೂ ತಕ್ಕಡೀನs ಉಣ್ಣಾವ್ರೇನ್ರಿ?"

"ಹೌದಪ. ಹಗರ ಊಟ, ಪಚನಾ ಆಗತೈತಿ."

ಆಗ ಬಸ್ಸಿನಲ್ಲಿ ಯಾರಾದರೂ ಹೆಣ್ಣುಮಗಳು ಕಾಲುಂಗುರ ಬಿಚ್ಚಿ ಕೊಡುತ್ತಿದ್ದಳು. ಅಕ್ಕೋರು ಬಸ್ಸು ನಿಲ್ಲುವ ತನಕ ಕಾದು, ತೂಗಿ, ಅಂಕಿ ಹೇಳುತ್ತಿದ್ದರು. ಬೆಲೆ ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದರು. "ಅದು ದಿನಾ ಬ್ಯಾರೆ ಆಗತೈತೆವ್ವಾ. ಇದು ಆಗೂದಿಲ್ಲ."

ಅವರಿಗೆ ಎರಡು ಆಸೆಗಳಿದ್ದವು. ಒಂದು, ಹಳೆಯ ನಾಣ್ಯಗಳ ತೂಕವನ್ನೆಲ್ಲ ಗ್ರಾಮಿಗೆ ಇಳಿಸಿ, ಇಂಗ್ಲಿಷ್ ಬಾರದ ಮಕ್ಕಳೂ ಓದುವಂಥ ಕನ್ನಡದ ಕೈಪಿಡಿ ಮಾಡುವುದು. ಅದನ್ನು ನಿಧಾನವಾಗಿ ಮಾಡುತ್ತಲೇ ಇದ್ದರು. ಎರಡನೆಯದು ಅವರ ಕೈಯಲ್ಲಿ ಇರಲಿಲ್ಲ. ಗ್ರೀಕರ ಬೆಳ್ಳಿ ನಾಣ್ಯ ಒಂದಾದರೂ ಈ ಐದು ತಾಲ್ಲೂಕುಗಳ ಮಣ್ಣಿನಲ್ಲಿ ಸಿಗಬೇಕು. ಪಡುವಣದ ಬಂದರುಗಳಿಂದ ಘಟ್ಟ ಹತ್ತಿ ಬಂದ ವ್ಯಾಪಾರ ಕೃಷ್ಣೆಯ ದಂಡೆ ಮುಟ್ಟಿರಲೇಬೇಕು ಎಂಬುದು ಅವರ ನಂಬಿಕೆ. ಪುರಾವೆ ಇರಲಿಲ್ಲ. ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ಛೇಡಿಸುತ್ತಿದ್ದರು.

"ಅಕ್ಕೋರ, ನಿಮ್ಮ ಗ್ರೀಕರು ಬಂದ್ರೇನ್ರಿ?"

"ಬಸ್ ತಪ್ಪೇತ್ರಿ ಅವರಿಗೆ. ಮುಂದಿನ ಗಾಡಿಗೆ ಬರ್ತಾರ."

ಗ್ರೀಕರು ಬಂದರು ಎಂದು ಅವರೇ ನಂಬಿದ ದಿನವೊಂದು ಇತ್ತು. ಅವರನ್ನು ಅರಿಯಲು ಆ ದಿನ ಸಾಕು.

ಅಥಣಿಯಿಂದ ಕಾಗವಾಡದ ಕಡೆ ಹೋಗುವ ದಾರಿಯಲ್ಲೊಂದು ಊರು. ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ಗುದ್ದಲಿಗಳು ಬಂದಾವು. ಅಲ್ಲಿ ಅಪ್ಪಾಸಾಬನ ದ್ರಾಕ್ಷಿ ತೋಟ. ಅಪ್ಪಾಸಾಬ ಅಕ್ಕೋರ ಹಳೆಯ ವಿದ್ಯಾರ್ಥಿ. ಅಕ್ಟೋಬರ್ ತಿಂಗಳು, ಚಾಟ್ನಿಯ ಹೊತ್ತು, ಅಂದರೆ ಬಳ್ಳಿ ಸವರುವ ಕಾಲ. ದ್ರಾಕ್ಷಿ ಬೆಳೆಯುವವರಿಗೆ ಈ ಚಾಟ್ನಿಯೇ ವರ್ಷದ ಭವಿಷ್ಯ. ಬಳ್ಳಿಯ ಕಡ್ಡಿಗಳನ್ನು ಲೆಕ್ಕವಿಟ್ಟು ಕತ್ತರಿಸಿದ ಮೇಲೆ ಒಡೆಯುವ ಚಿಗುರಿನಲ್ಲೇ ಗೊನೆ. ಆಗ ಬೇರಿಗೆ ಪೆಟ್ಟು ಬಿದ್ದರೆ ಆ ವರ್ಷ ಎಲೆ ಮಾತ್ರ.

ಚಾಟ್ನಿಗೆ ಮೊದಲು ಮುರಿದ ಕಂಬವೊಂದನ್ನು ಬದಲಿಸಲು ಅಪ್ಪಾಸಾಬ ತಗ್ಗು ತೋಡಿದಾಗ ಬೆಳ್ಳಿಯ ಬಿಲ್ಲೆಯೊಂದು ಸಿಕ್ಕಿತು. ಮಣ್ಣು ಮೆತ್ತಿ ಕಪ್ಪಾಗಿತ್ತು. ಒಂದು ಬದಿಗೆ ಸಿಂಹದ ಚರ್ಮ ಹೊದ್ದ ತಲೆ, ಇನ್ನೊಂದು ಬದಿಗೆ ಪೀಠದ ಮೇಲೆ ಕುಳಿತ ಗಡ್ಡದ ದೇವರು, ಕೈಯಲ್ಲಿ ಹಕ್ಕಿ. ಅಥಣಿಯ ಪತ್ತಾರನ ಅಂಗಡಿಯಲ್ಲಿ ತೂಗಿಸಿದ. ಫೋಟೊ ತೆಗೆದು ಅಕ್ಕೋರ ಫೋನಿಗೆ ಕಳಿಸಿದ. ಕೆಳಗೆ ಬರೆದಿದ್ದ: ಒಂದೂವರೆ ತೊಲಿಗೆ ಕಾಲು ಗ್ರಾಂ ಕಡಿಮಿ.

ಅಕ್ಕೋರು ಕೂಡಲೇ ಮನಸ್ಸಿನಲ್ಲೇ ಗುಣಿಸಿದರು. ತೊಲಕ್ಕೆ ಹನ್ನೊಂದು ಗ್ರಾಂ ಅರವತ್ತಾರು. ಒಂದೂವರೆ ತೊಲಕ್ಕೆ ಹದಿನೇಳು ಗ್ರಾಂ ನಲವತ್ತೊಂಬತ್ತು. ಕಾಲು ಗ್ರಾಂ ಕಳೆದರೆ ಹದಿನೇಳು ಗ್ರಾಂ ಇಪ್ಪತ್ತನಾಲ್ಕು. ನಾಲ್ಕು ದ್ರಾಕ್ಮಾದ ದೊಡ್ಡ ನಾಣ್ಯ ಎಷ್ಟು ತೂಗಬೇಕೋ ಅಷ್ಟೇ. ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆ ಇಲ್ಲ. ತಲೆ, ದೇವರು, ಹಕ್ಕಿ ಎಲ್ಲವೂ ಅಲೆಕ್ಸಾಂಡರನ ನಾಣ್ಯದ್ದೇ. ಅಂಚಿನಲ್ಲಿ ಕಂಡ ಒರಟು ಗುರುತನ್ನೂ ಹಿಂದಿನವರು ಬೆಳ್ಳಿಯನ್ನು ಪರೀಕ್ಷಿಸಲು ಕಡಿದದ್ದು ಎಂದುಕೊಂಡರು.

ನನಗೆ ಫೋನ್ ಮಾಡಿದರು. ಅವರ ದನಿ ಅಷ್ಟು ಎತ್ತರಕ್ಕೆ ಹೋಗಿದ್ದನ್ನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಬಂದ್ರು! ಅಲೆಕ್ಸಾಂಡರನ ಬೆಳ್ಳಿ ನಮ್ಮ ಅಥಣಿ ತಾಲೂಕಿನ್ಯಾಗ ಐತ್ರಿ!"

"ನೀವು ಕೈಯಾಗ ಹಿಡದು ನೋಡೀರೇನ್ರಿ?" ಎಂದೆ.

"ಇಲ್ರಿ. ಫೋಟೊ ನೋಡೀನಿ. ತೂಕ ಬಂದೈತಿ."

"ಹಂಗಾರ ಸುದ್ದಿ ತಡೀಲೇನ್ರಿ?"

"ತಡೀರಿ," ಎಂದರು. "ನಾಳಿ ಹೋಗಿ ತೂಗೂಣು."

ನನ್ನ ಸುದ್ದಿ ನಿಂತಿತು. ಅವರ ಮಾತು ನಿಲ್ಲಲಿಲ್ಲ. ನನಗಿಂತ ಮೊದಲೇ ಅವರು ಅಪ್ಪಾಸಾಬನಿಗೆ ಧ್ವನಿ ಸಂದೇಶ ಕಳಿಸಿದ್ದರು: ಇದು ಅಲೆಕ್ಸಾಂಡರನ ನಾಣ್ಯ, ತೂಕ ಬರೋಬ್ಬರಿ ಕೂಡತೈತಿ, ಜೋಪಾನ ಇಡು, ತಲಾಟಿಗೆ ತಿಳಸು, ಸರಕಾರಕ್ಕ ಗೊತ್ತಿರಲಿ. ಅಪ್ಪಾಸಾಬ ಅದನ್ನು ಚಹಾದಂಗಡಿಯಲ್ಲಿ ನಾಲ್ಕು ಜನಕ್ಕೆ ಕೇಳಿಸಿದ. ನಾಲ್ವರೂ ಅದನ್ನು ತಮ್ಮ ತಮ್ಮ ಫೋನಿಗೆ ಹಾಕಿಸಿಕೊಂಡರು. ಮರುದಿನ ಮುಂಜಾನೆ ನಾವು ಅಥಣಿ ಬಸ್ಸಿನಲ್ಲಿ ಕುಳಿತಾಗ ಮುಂದಿನ ಸೀಟಿನ ಅಪರಿಚಿತನ ಫೋನಿನಿಂದ ಅಕ್ಕೋರ ದನಿಯೇ ಕೇಳಿಸಿತು. ಅದು ಮುಗಿದ ಮೇಲೆ ಆತ ಪಕ್ಕದವನಿಗೆ, "ಒಂದ ಸಿಕ್ಕೇತಿ ಅಂದ್ರ ಕೊಡಪಾನ ಅಲ್ಲೇ ಇರಬೇಕಲೇ," ಎಂದ.

ಅಕ್ಕೋರು ಕಿಟಕಿಯ ಕಡೆ ತಿರುಗಿದರು.

ತೋಟಕ್ಕೆ ಹೋದಾಗ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಹಾರೆ, ಗುದ್ದಲಿ, ಸಲಿಕೆ ಹಿಡಿದ ಗಂಡಸರು ಸಾಲುಗಳ ನಡುವೆ ನಿಂತಿದ್ದರು. ಹನಿ ನೀರಾವರಿಯ ಪೈಪು ಎರಡು ಕಡೆ ತುಂಡಾಗಿತ್ತು. ಬಳ್ಳಿಗಳ ಬುಡದಲ್ಲಿ ಅಲ್ಲಲ್ಲಿ ತಗ್ಗು. ಒಂದು ತಗ್ಗಿನಲ್ಲಿ ಬೇರು ಹರಿದು ಬಿಳಿ ತಿರುಳು ಕಾಣುತ್ತಿತ್ತು. ಚಾಟ್ನಿಗೆ ಬಂದ ಹೆಣ್ಣಾಳುಗಳು ಕತ್ತರಿ ಹಿಡಿದು ಬದುವಿನ ಮೇಲೆ ಸುಮ್ಮನೆ ಕುಳಿತಿದ್ದರು. ಅಪ್ಪಾಸಾಬ ಒಂದು ತಗ್ಗಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ.

"ಅಕ್ಕೋರ, ಇವರಿಗೆ ಹೇಳ್ರಿ! ನಾ ಹೇಳಿದ್ರ ಕೇಳಾಕತ್ತಿಲ್ಲ. ಇನ್ನೊಂದ ದಿನಾ ಹಿಂಗ ಆದ್ರ ತ್ವಾಟ ಹೋತ್ರಿ, ಈ ವರ್ಷ ನಾ ಏನ್ ಕೊಯ್ಯಲಿ?"

ಅವನು ಬೈಯಲಿಲ್ಲ. ಬೈದಿದ್ದರೆ ಅಕ್ಕೋರಿಗೆ ಸುಲಭವಾಗುತ್ತಿತ್ತು ಎಂದು ನನಗೆ ಅನ್ನಿಸಿತು.

"ಬಿಲ್ಲಿ ತಾ," ಎಂದರು.

ಹೊರಗೆ ಗಾಳಿ ಇತ್ತು. ಪಂಪಿನ ಕೋಣೆಯೊಳಗೆ ಸಿಮೆಂಟ್ ಕಟ್ಟೆಯ ಮೇಲೆ ತಕ್ಕಡಿ ಇಟ್ಟರು. ಬಾಗಿಲ ತುಂಬ ಮುಖಗಳು. ಅಪ್ಪಾಸಾಬ ಬಿಲ್ಲೆ ಕೊಟ್ಟ. ಅದು ಅಕ್ಕೋರ ಎಡ ಅಂಗೈಗೆ ಬಂತು, ಕೈ ಮೇಲೆ ಕೆಳಗೆ ಆಡಿತು. ಅವರ ಮುಖ ಆಗಲೇ ಬದಲಾಯಿತು. ತಕ್ಕಡಿಗೆ ಹಾಕುವ ಮೊದಲೇ ಅವರಿಗೆ ಗೊತ್ತಾಗಿತ್ತು. ಹಾಕಿದರು. ಹದಿನಾಲ್ಕು ಗ್ರಾಂ ಎಪ್ಪತ್ತೈದು.

ತೆಗೆದು ಹಿತ್ತಾಳೆ ಬಟ್ಟು ಹಾಕಿದರು. ಬರೋಬ್ಬರಿ ಹತ್ತು. ಮತ್ತೆ ಬಿಲ್ಲೆ. ಅದೇ ಹದಿನಾಲ್ಕು ಎಪ್ಪತ್ತೈದು.

"ಅಪ್ಪಾಸಾಬ, ನಿನ್ನ ಪತ್ತಾರಗ ಫೋನ್ ಹಚ್ಚು. ಎಲ್ಲಾರಿಗೂ ಕೇಳೂ ಹಂಗ ಇಡು."

ಪತ್ತಾರ ಗಿರಾಕಿಗಳ ಗದ್ದಲದಲ್ಲಿದ್ದ. ಅಕ್ಕೋರು ಕೇಳಿದರು, "ಒಂದೂವರಿ ತೊಲಿ ಅಂದೀರಲ್ರಿ, ಯಾವ ತೊಲಿ?"

"ಯಾವ ತೊಲಿ ಅಂದ್ರ? ಈಗಿನ ತೊಲಿನs ರೀ, ಹತ್ತ ಗ್ರಾಂದು. ಹಳೀ ತೊಲಿ ಈಗ ಯಾರ ಹಿಡೀತಾರ್ರಿ?"

ಈ ಸೀಮೆಯ ಪೇಟೆಯಲ್ಲೆಲ್ಲ ಈಗ ತೊಲ ಎಂದರೆ ಹತ್ತು ಗ್ರಾಂ. ಚಿನ್ನ ಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತು. ಅಕ್ಕೋರಿಗೂ ಗೊತ್ತಿತ್ತು. ಆದರೆ ತೊಲ ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಗುಣಿಸಿದ್ದು ಅಜ್ಜನ ಮನೆಯ ಹುಡುಗಿ. ಹತ್ತರ ತೊಲದಲ್ಲಿ ಒಂದೂವರೆ ಎಂದರೆ ಹದಿನೈದು, ಕಾಲು ಕಳೆದರೆ ಹದಿನಾಲ್ಕು ಎಪ್ಪತ್ತೈದು. ಹಳೆಯ ತೊಲದಲ್ಲಿ ಗುಣಿಸಿದ್ದರಿಂದ ಅದು ಅಲೆಕ್ಸಾಂಡರನ ತೂಕಕ್ಕೆ ಹೋಗಿ ಕೂತಿತ್ತು.

ಅವರು ನಕ್ಕುಬಿಟ್ಟರು. ನಗು ಬಹಳ ಹೊತ್ತು ಇರಲಿಲ್ಲ. "ಊರು ಕೇಳಲಿಲ್ಲ ನೋಡ್ರಿ ನಾನು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೊರಗೆ ಬಂದರು. ಪಂಪಿನ ಕೋಣೆಯ ಮೆಟ್ಟಿಲ ಮೇಲೆ ನಿಂತು ತರಗತಿಯ ದನಿಯಲ್ಲಿ ಹೇಳಿದರು.

"ಕೇಳ್ರಪಾ. ಇದು ಅಲೆಕ್ಸಾಂಡರಂದಲ್ಲ. ನಾ ಲೆಕ್ಕ ತಪ್ಪಿದೆ. ತೊಲಿ ತಪ್ಪ ಹಿಡದೆ. ಈ ತ್ವಾಟದಾಗ ಏನೂ ಇಲ್ಲ, ಮನೀಗೆ ಹೋಗ್ರಿ."

ಯಾರೂ ಅಲುಗಾಡಲಿಲ್ಲ. ಒಬ್ಬ ಹಿರಿಯ ಸಮಾಧಾನದ ದನಿಯಲ್ಲಿ, "ಸವದಿರಬೇಕ್ರಿ ಅಕ್ಕೋರ. ಅಷ್ಟ ವರ್ಷ ಮಣ್ಣಾಗ ಇದ್ದದ್ದು," ಎಂದ.

ಆ ಮಾತಿಗೆ ಹೂಂ ಎನ್ನುವುದು ಸುಲಭವಿತ್ತು. ಅವರ ಎರಡನೆಯ ಆಸೆ ಅಷ್ಟರಮಟ್ಟಿಗೆ ಉಳಿಯುತ್ತಿತ್ತು. ಅವರು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ಅವನನ್ನೇ ಹತ್ತಿರ ಕರೆದರು. "ಇಲ್ ಬರ್ರಿ ಕಾಕಾ. ಎರಡೂವರಿ ಗ್ರಾಂ ಸವದ್ರ ಈ ಮೂಗು ಇಷ್ಟ ಚೂಪ ಇರ್ತಿತ್ತೇನ್ರಿ? ಅಂಚಿನ ಸುತ್ತ ಗೆರಿ ನೋಡ್ರಿ. ಎರಡ ಅಚ್ಚು ಕೂಡಿಸಿ ಎರಕಾ ಹೊಯ್ದ ಗೆರಿ. ಅಲೆಕ್ಸಾಂಡರಂದು ಎರಕಾ ಅಲ್ಲ, ಬಡದು ಒತ್ತಿದ್ದು. ಇದು ನಮ್ಮ ಕಾಲದ್ದು. ನಿಪ್ಪಾಣಿ ಆಚೆ ಇಂಥಾವು ಮಾಡ್ತಾರ."

ಹಿಂದಿನಿಂದ ಒಬ್ಬ ತರುಣ ಕೂಗಿದ. "ನಿನ್ನಿ ಬರೋಬ್ಬರಿ ಕೂಡತೈತಿ ಅಂದ್ರಿ. ಇವತ್ತ ಪೇಪರನ್ಯಾರನ ಕರಕೊಂಡ ಬಂದು ತಪ್ಪೇತಿ ಅಂತೀರಿ. ನಾವೇನ್ ಹುಚ್ಚರೇನ್ರಿ? ತ್ವಾಟದಾವ್ರೂ ನೀವೂ ಕೂಡಿ ಒಳಗ ಹಾಕ್ಕೊಳ್ಳಾವ್ರು!"

ಗುಂಪಿನಲ್ಲಿ ಹೌದು ಹೌದು ಎಂಬ ಗುಜುಗುಜು ಎದ್ದಿತು. ಒಬ್ಬ ಹಾರೆಯಿಂದ ಮತ್ತೆ ನೆಲ ಅಗೆಯತೊಡಗಿದ. ಅಪ್ಪಾಸಾಬ ಆ ಹಾರೆಗೆ ಅಡ್ಡ ಹೋಗಿ ನಿಂತ. ಅಕ್ಕೋರ ಮೊದಲ ಮಾತನ್ನು ಫೋಟೊ ನೋಡದೆಯೂ ನಂಬಿದ ಜನ, ಎರಡನೆಯ ಮಾತನ್ನು ತಕ್ಕಡಿ ಕಣ್ಣೆದುರು ಇದ್ದರೂ ನಂಬಲಿಲ್ಲ. ವರದಿಗಾರನಾಗಿ ನಾನು ಇದನ್ನು ಹಲವು ಸಲ ಕಂಡಿದ್ದೇನೆ.

ಅಕ್ಕೋರು ದನಿ ಎತ್ತಲಿಲ್ಲ. ಬಿಲ್ಲೆಯನ್ನು ತಿರುಗಿಸಿ ಅಂಚಿನ ಒರಟು ಗುರುತನ್ನು ಹೆಬ್ಬೆರಳಿನಿಂದ ಮುಟ್ಟಿದರು. "ಇಲ್ಲಿ ಏನೋ ಬೆಸದಿದ್ರು," ಎಂದರು. "ಕೊಂಡಿ ಇರಬೇಕು. ಹರದೈತಿ. ಅಂದ್ರ ಇದು ನಾಣ್ಯ ಅಲ್ಲ, ಯಾರದೋ ಕೊರಳಾನ ಪದಕ. ಯಾರದ್ರವ್ವಾ ಇದು?"

ಕೊನೆಯ ಮಾತನ್ನು ಅವರು ಹಾರೆ ಹಿಡಿದವರಿಗೆ ಕೇಳಲಿಲ್ಲ. ಬದುವಿನ ಮೇಲೆ ಕುಳಿತ ಹೆಣ್ಣುಮಕ್ಕಳ ಕಡೆ ತಿರುಗಿ ಕೇಳಿದರು.

ಅವರಲ್ಲಿ ಒಬ್ಬಳು ಎದ್ದು ನಿಂತಳು. ಲಗಮವ್ವ. ಅದೇ ಊರಿನವಳು, ಮನೆಯಲ್ಲಿ ನಾಲ್ಕಾರು ಕುರಿ. ಚಾಟ್ನಿಯ ಹೊತ್ತಿನಲ್ಲಿ ಕೂಲಿಗೆ ಬರುವವಳು.

"ನಂದ್ರಿ ಅದು," ಎಂದಳು. "ಹ್ವಾದ ವರ್ಷ ಬಳ್ಳಿ ಬುಡಕ್ಕ ಗೊಬ್ಬರ ತುಂಬಾಗ ಬಿದ್ದಿತ್ತು. ಹುಡುಕಿ ಹುಡುಕಿ ಬಿಟ್ನಿ."

ಅಪ್ಪಾಸಾಬ ಬೆಚ್ಚಿಬಿದ್ದ. "ಏ ಲಗಮವ್ವ! ಮುಂಜಾನಿಂದ ಇಲ್ಲೇ ಕುಂತೀದಿ, ಬಾಯಿ ಬಿಡಾಕ ಏನಾಗಿತ್ತ ನಿನಗ?"

"ಅಲೆಗ್ಝಾಂಡರಂದು ಅಂದ್ರಲ್ರಿ ಎಲ್ಲಾರೂ," ಎಂದಳು ಲಗಮವ್ವ. "ಅಂವ ರಾಜಾ. ನಂದು ಅಂತ ಹ್ಯಾಂಗ ಹೇಳ್ಲಿ?"

ಯಾರೋ ನಕ್ಕರು. ಹಿಂದಿನ ತರುಣ ಸೋಲಲಿಲ್ಲ. "ಈಗ ಎಲ್ಲಾರೂ ನಂದು ನಂದು ಅಂತಾರ. ಏನ್ ಖೂನಾ, ಏನ್ ಗುರ್ತಾ ಐತಿ?"

ಲಗಮವ್ವ ಅವನನ್ನು ನೋಡಲೇ ಇಲ್ಲ. ಸೆರಗಿನ ಒಳಗಿಂದ ಕೊರಳ ಕರಿದಾರ ಹೊರಗೆಳೆದಳು. ದಾರದಲ್ಲಿ ಪುಟ್ಟ ಬೆಳ್ಳಿ ಕೊಂಡಿ ಒಂದೇ ತೂಗುತ್ತಿತ್ತು. "ಪದಕ ಹ್ವಾದ ಮ್ಯಾಲ ಇದನ್ನ ತಗೀಲಿಲ್ಲ. ಒಂದೂವರಿ ತೊಲಿ ಅಂತ ಹೇಳಿ ಕೊಟ್ಟಿದ್ದ ನಿಪ್ಪಾಣ್ಯಾಗ ಅಂಗಡ್ಯಾಂವ. ತಲೀಮ್ಯಾಲ ಹುಲಿ ಚರ್ಮಾ ಐತಲ್ರಿ, ನಮ್ಮ ದೇವರಂತ ತಗೊಂಡ್ನಿ."

ಅಕ್ಕೋರು ತಕ್ಕಡಿಯನ್ನು ಕೋಣೆಯೊಳಗೇ ಬಿಟ್ಟಿದ್ದರು. ಈ ಸಲ ಒಳಗೆ ಮೂವರನ್ನು ಕರೆದರು: ಲಗಮವ್ವ, ಅನುಮಾನ ಪಟ್ಟ ತರುಣ, ಸವದಿರಬೇಕು ಎಂದ ಹಿರಿಯ. ಬಿಲ್ಲೆ ಇಟ್ಟರು: ಹದಿನಾಲ್ಕು ಎಪ್ಪತ್ತೈದು. ದಾರದಿಂದ ಬಿಚ್ಚಿದ ಕೊಂಡಿಯನ್ನು ಅದರ ಮೇಲೆ ಇಡಲು ತರುಣನ ಕೈಗೇ ಕೊಟ್ಟರು. ಅವನು ಇಟ್ಟ. ಅಂಕಿಗಳು ಓಡಿ ನಿಂತವು. ಅವನೇ ಜೋರಾಗಿ ಓದಿದ, "ಹದಿನೈದು." ಸ್ವಲ್ಪ ತಡೆದು, "ಪಾಯಿಂಟ್ ಸೊನ್ನಿ ಸೊನ್ನಿ," ಎಂದ.

"ಎಷ್ಟ ತೊಲಿ ಆತು?" ಎಂದರು ಅಕ್ಕೋರು.

"ಒಂದೂವರಿ ರೀ."

"ಯಾವ ತೊಲಿ?"

"ಈಗಿನ ತೊಲಿ ರೀ," ಎಂದು ಅವನು ನೆಲ ನೋಡಿದ.

ಜನ ಕರಗುವುದಕ್ಕೆ ಗದ್ದಲವೇನೂ ಆಗಲಿಲ್ಲ. ಮೊದಲು ಬೈಕುಗಳು ಹೋದವು, ಆಮೇಲೆ ನಡೆದು ಬಂದವರು. ಕೊಡಪಾನದ ಮಾತಾಡಿದ್ದ ಬಸ್ಸಿನ ಆಸಾಮಿಯೂ ಅವರಲ್ಲಿದ್ದ. "ಚಹಾ ಆದ್ರೂ ಮಾಡಸ್ತಿಯೇನೋ ಅಪ್ಪಾಸಾಬ?" ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋದ. ಅಪ್ಪಾಸಾಬ ತಲಾಟಿಗೆ ಫೋನ್ ಮಾಡಿ ವಿಷಯ ತಿಳಿಸಿದ. ಲಗಮವ್ವ ಪದಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕತ್ತರಿ ಎತ್ತಿಕೊಂಡಳು. ಉಳಿದ ಹೆಣ್ಣುಮಕ್ಕಳೂ ಎದ್ದರು. ಮೊದಲ ಸಾಲಿನಲ್ಲಿ ಕಡ್ಡಿ ಕತ್ತರಿಸುವ ಸದ್ದು ಶುರುವಾಯಿತು.

ಸುದ್ದಿ ಹೇಗೆ ಬರೆಯಲಿ ಎಂದು ನಾನು ಕೇಳಿದೆ. ಅಕ್ಕೋರು ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

"ಅಕ್ಕೋರು ತಪ್ಪಿದ್ರು ಅಂತ ಬರೀರಿ. ಬರೇ ತಪ್ಪಿದ್ರು ಅಂದ್ರ ಸಾಲೂದಿಲ್ಲ. ಎಲ್ಲಿ ತಪ್ಪಿದ್ರು ಅನ್ನೂದನ್ನೂ ಬರೀರಿ, ಮಂದಿಗೆ ಉಪಯೋಗ ಆಗತೈತಿ."

"ಬ್ಯಾಸರ ಆತೇನ್ರಿ?"

"ಆತ್ರಿ. ನಿನ್ನಿ ಒಂದ ರಾತ್ರಿ ನನ್ನ ಹಂತ್ಯಾಕ ಇದ್ದ ನೋಡ್ರಿ ಅಂವ, ಅಲೆಕ್ಸಾಂಡರ್." ಅಂಗೈ ನೋಡಿಕೊಂಡರು. "ಆದ್ರ ಈ ತ್ವಾಟದಾಗ ಅಂವ ಇಲ್ಲ ಅಂತ ಗೊತ್ತಾತು, ಅಷ್ಟ. ಉಳದ ತ್ವಾಟ ಅದಾವಲ್ರಿ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪಾಸಾಬ ಸಲಿಕೆ ತಂದು ತಗ್ಗು ಮುಚ್ಚಲು ಹೊರಟ. ಅಕ್ಕೋರು ಸೀರೆಯ ನಿರಿಗೆ ಎತ್ತಿ ಕಟ್ಟಿ ಅವನಿಗಿಂತ ಮುಂದೆ ನಡೆದರು. ಮೊದಲ ತಗ್ಗಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತೋಡಿ ಹಾಕಿದ ಮಣ್ಣನ್ನು ಬೆರಳಿನಿಂದ ಕೆದಕಿ, ಒಳಗೆ ಬಗ್ಗಿ ನೋಡಿದರು.

"ಅಕ್ಕೋರ, ಏನೂ ಇಲ್ಲ ಅಂತ ಈಗರ ಹೇಳಿದ್ರಿ!" ಎಂದ ಅಪ್ಪಾಸಾಬ.

"ಮಂದಿ ಪುಕ್ಕಟ ತೋಡಿ ಕೊಟ್ಟಾರ. ನೋಡಿದ್ರ ಏನ್ ಗಂಟ ಹೋಗತೈತಿ? ಮುಚ್ಚು."

ಅವನು ಮುಚ್ಚಿದ. ಅವರು ಎರಡನೆಯದಕ್ಕೆ ಹೋದರು. ಅಲ್ಲಿ ಒಂದು ಬೋಕಿಯ ಚೂರು ಸಿಕ್ಕಿತು. ಅಂಗೈಯಲ್ಲಿ ತೂಗಿ, ತಿರುಗಿಸಿ ನೋಡಿ, ಹೋದ ವರ್ಷದ ಗಡಿಗೆಯದೆಂದು ಹೇಳಿ ಎಸೆದರು. ಹಾಗೆ ಒಂದೊಂದೇ ತಗ್ಗು. ಮುಂದೆ ಅವರು, ಹಿಂದೆ ಸಲಿಕೆ. ಬೇರು ಹರಿದಿದ್ದ ತಗ್ಗಿನ ಹತ್ತಿರ ಬಂದಾಗ ಅವರು ಮಣ್ಣು ಕೆದಕಲಿಲ್ಲ. ಹರಿದ ಬೇರನ್ನು ಎರಡೂ ಕೈಯಿಂದ ಎತ್ತಿ, ಬಾಗದಂತೆ ನೆಟ್ಟಗೆ ಮಲಗಿಸಿ, ಮೇಲೆ ಹಸಿ ಮಣ್ಣು ತಾವೇ ಎಳೆದರು.

"ನೋಡಿದ್ರೇನ್ರಿ ಅಕ್ಕೋರ? ಮುಚ್ಚಲೇನ್ರಿ?"

"ಮುಚ್ಚು," ಎಂದರು. "ಪೈಪ ಜೋಡಸಿ ನೀರ ಬಿಡು. ಚಿಗಿತೈತಿ."